ಸುಟ್ಟ ಕಲೆಯಿಂದ ಕೆಳರೆಪ್ಪೆ ಹೊರಗೆ ತಿರುಗಿದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ಬಾಣಲೆ ಎಣ್ಣೆ ಸಿಡಿದು ಅಮ್ಮನ ಎಡಕೆನ್ನೆ ಸುಟ್ಟಿತ್ತು. ಗಾಯ ಮಾಯಿತು, ಆದರೆ ಚರ್ಮ ಬಿಗಿದುಕೊಂಡು ಕೆಳರೆಪ್ಪೆಯನ್ನು ಹೊರಗೆ ಎಳೆದಿದೆ. ಒಳಗಿನ ಕೆಂಪು ಕಾಣುತ್ತದೆ, ಯಾವಾಗಲೂ ನೀರು ಸುರಿಯುತ್ತದೆ. ಆಪರೇಷನ್ ಬೇಕೇ ಬೇಕಾ? ಇನ್ಶೂರೆನ್ಸ್‌ನವರು ‘ಇದು ಅಂದಕ್ಕೆ ಮಾಡಿಸೋದು’ ಅಂತ ತಳ್ಳಿಹಾಕುತ್ತಾರಂತೆ, ನಿಜವಾ?

ಉತ್ತರ: ಸ್ಕೂಟರ್‌ನಿಂದ ಬಿದ್ದ ಗಾಯ ಮಾಯ್ದ ಮೇಲೆ ನನಗೂ ಹೀಗೇ ಆಗಿತ್ತು. ರೆಪ್ಪೆ ಕೆಲಸವನ್ನೇ ಮಾಡುವ ಆಕ್ಯುಲೋಪ್ಲಾಸ್ಟಿ ಡಾಕ್ಟರಿಗೆ ತೋರಿಸಿ. ನನಗೆ ಮೇಲೆ ನೋಡುತ್ತಾ ಬಾಯಿ ಅಗಲ ತೆರೆಯಲು ಹೇಳಿದರು. ರೆಪ್ಪೆ ಇನ್ನಷ್ಟು ಕೆಳಗೆ ಜಗ್ಗಿತು. ಆಮೇಲೆ ಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳಿ ನೋಡಿದರು, ಪೂರ್ತಿ ಬರಲಿಲ್ಲ. ವಯಸ್ಸಾಗಿ ಸಡಿಲವಾದ ರೆಪ್ಪೆಯಾದರೆ ಸಲೀಸಾಗಿ ಬರುತ್ತದೆ. ಇಲ್ಲಿ ಚರ್ಮವೇ ಸಾಲದು, ಅಲ್ವಾ.

ಹಳದಿ ಬಣ್ಣದ ಔಷಧಿ ಹಾಕಿ, ನೀಲಿ ಬೆಳಕಲ್ಲಿ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ನೋಡುತ್ತಾರೆ. ಅದನ್ನು ಮಾತ್ರ ಬಿಡಬೇಡಿ. ಕಾರ್ನಿಯಾ ಒಣಗಿ ಹುಣ್ಣಾಗುತ್ತಿದ್ದರೆ ಕಾಯುವ ಹಾಗಿಲ್ಲ. ಚೆನ್ನಾಗಿದ್ದರೆ ಕಲೆ ಮೆತ್ತಗಾಗಲಿ ಅಂತ ಸಾಮಾನ್ಯವಾಗಿ ಆರು ತಿಂಗಳಾದರೂ ಕಾಯಿಸುತ್ತಾರೆ. ಅಲ್ಲಿವರೆಗೆ ಹಗಲಲ್ಲಿ ಡ್ರಾಪ್ಸ್, ರಾತ್ರಿ ಮುಲಾಮು. ನೀರು ಒರೆಸುವಾಗ ರೆಪ್ಪೆಯನ್ನು ಕೆಳಕ್ಕೆ ಎಳೆಯಬೇಡಿ, ಮೇಲ್ಮುಖವಾಗಿ ಮೂಗಿನ ಕಡೆಗೆ ಒರೆಸಿ.

ಆಪರೇಷನ್‌ನಲ್ಲಿ ಬಿಗಿದ ಕಲೆಯನ್ನು ಬಿಡಿಸಿ, ಕಿವಿ ಹಿಂದಿನ ಚರ್ಮ ತೆಗೆದು ಗ್ರಾಫ್ಟ್ ಹಾಕಿದರು. ಆಮೇಲೆ ಮುದುಡುತ್ತದೆ ಅಂತ ತುಸು ದೊಡ್ಡದೇ ಹಾಕುತ್ತಾರೆ. ರೆಪ್ಪೆಯನ್ನು ಹೊಲಿಗೆಯಿಂದ ಹುಬ್ಬಿನ ಕಡೆಗೆ ಎಳೆದು ಕಟ್ಟಿದ್ದರು, ಹಾಗಾಗಿ ಆ ಕಣ್ಣು ಮುಚ್ಚಿಯೇ ಇತ್ತು. ಒಂದೇ ಕಣ್ಣಲ್ಲಿ ಮೆಟ್ಟಿಲು ಇಳಿಯೋದು ಜಾಸ್ತಿ ಕಷ್ಟ, ಅಮ್ಮನ ಜೊತೆ ಒಬ್ಬರು ಇರಲಿ.

ಇನ್ನೊಬ್ಬರು: ಕಲೆ ಸಣ್ಣ ಗೆರೆಯಷ್ಟೇ ಇದ್ದರೆ ಎಷ್ಟೋ ಸಲ ಗ್ರಾಫ್ಟ್ ಬೇಕಾಗುವುದಿಲ್ಲ. ನಮ್ಮಣ್ಣನಿಗೆ ಝಡ್-ಪ್ಲಾಸ್ಟಿ ಮಾಡಿದರು, ಅಂದರೆ ಕಲೆಯನ್ನು ಝಡ್ ಆಕಾರದಲ್ಲಿ ಕತ್ತರಿಸಿ ಪಕ್ಕದ ಚರ್ಮವನ್ನು ಅದಲುಬದಲು ಮಾಡಿ ಹೊಲಿಯುವುದು. ಕೆನ್ನೆಯೆಲ್ಲಾ ಬಿಗಿದಿದ್ದರೆ ಅದು ಸಾಲದು.

ಮತ್ತೊಬ್ಬರು: ನಾನು ಬೆಂಗಳೂರಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳಿಗೆ ಮೆಡಿಕಲ್ ಕೋಡಿಂಗ್ (ಕಾಯಿಲೆಗೆ ತಕ್ಕ ಕೋಡ್ ಹಾಕುವ ಕೆಲಸ) ಮಾಡುತ್ತೇನೆ. ಅಲ್ಲಿನ ಕಾಯಿಲೆ ಕೋಡ್‌ಗಳ ಪಟ್ಟಿ ಐಸಿಡಿ-10-ಸಿಎಂನಲ್ಲಿ ಕಲೆಯಿಂದ ತಿರುಗಿದ ಎಡ ಕೆಳರೆಪ್ಪೆಗೆ ಎಚ್02.115, ಬಲಕ್ಕೆ ಎಚ್02.112. ಡಾಕ್ಟರು ಸುಮ್ನೆ ‘ಎಕ್ಟ್ರೋಪಿಯನ್’ (ಹೊರಗೆ ತಿರುಗಿದ ರೆಪ್ಪೆ) ಅಂತ ಗೀಚಿದರೆ ಕಣ್ಣು, ಕಾರಣ ಯಾವುದನ್ನೂ ಹೇಳದ ಎಚ್02.109ಕ್ಕೆ ಇಳಿಯಬೇಕು, ಇಲ್ಲವೇ ಅವರನ್ನೇ ವಾಪಸ್ ಕೇಳಬೇಕು. ಜೊತೆಗೆ ಹಳೆ ಸುಟ್ಟ ಗಾಯದ ಕೋಡನ್ನೂ ಕೊನೆಗೆ ‘ಎಸ್’ (ಹಳೆ ಗಾಯದ ಪರಿಣಾಮ ಅಂತ ಅರ್ಥ) ಸೇರಿಸಿ ಹಾಕುತ್ತೇವೆ.

ನಮ್ಮಲ್ಲಿ ಬಳಸುವ ಡಬ್ಲ್ಯುಎಚ್‌ಒದ ಐಸಿಡಿ-10ರಲ್ಲಿ ಎಲ್ಲಕ್ಕೂ ಎಚ್02.1 ಒಂದೇ. ಯಾವ ಕಣ್ಣು, ಏನು ಕಾರಣ ಅಂತ ಆ ಕೋಡ್ ಹೇಳುವುದಿಲ್ಲ. ಹಾಗಾಗಿ ಪ್ರೀ-ಆಥ್‌ಗೆ (ಆಪರೇಷನ್‌ಗೆ ಮೊದಲೇ ಇನ್ಶೂರೆನ್ಸ್‌ನವರ ಒಪ್ಪಿಗೆಗೆ) ಕಳಿಸುವ ಪತ್ರದಲ್ಲೇ ಡಾಕ್ಟರ ಹತ್ತಿರ ಬರೆಸಿಕೊಳ್ಳಿ: ಸುಟ್ಟ ಕಲೆಯಿಂದ ಆದದ್ದು, ಎಡ ಕೆಳರೆಪ್ಪೆ, ಕಣ್ಣು ಪೂರ್ತಿ ಮುಚ್ಚುತ್ತದೋ ಇಲ್ಲವೋ, ಕಾರ್ನಿಯಾ ಹೇಗಿದೆ. ಕಣ್ಣು ತೆರೆದ ಫೋಟೋ ಒಂದು, ಮುಚ್ಚಿದ್ದು ಒಂದು ಲಗತ್ತಿಸಿ. ಮುಚ್ಚಿದರೂ ಸಂದು ಉಳಿಯುತ್ತಿದ್ದರೆ, ‘ಅಂದಕ್ಕೆ’ ಅನ್ನುವವರಿಗೆ ಮುಚ್ಚಿದ ಫೋಟೋನೇ ಉತ್ತರ.