ಮ್ಯೂಸಿಯಂ ಪುಸ್ತಕ ಕೇಳಿದ ಅಕ್ಕನಿಗೆ, ಜೊತೆಗೆ ಚಿಕ್ಕಪ್ಪನಿಗೂ

ಅಕ್ಕಾ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ರಜೆಯಲ್ಲಿ ಮಗಳಿಗೆ ಮ್ಯೂಸಿಯಂ ತೋರಿಸಬೇಕು, ಹೋಗುವುದಕ್ಕೆ ಮುಂಚೆ ಓದಲು ಅವಳಿಗೊಂದು ನನಗೊಂದು ಪುಸ್ತಕ ಹೇಳು ಅಂತ ಕೇಳಿದ್ದೀಯ. ಅದರ ಕೆಳಗೇ ಚಿಕ್ಕಪ್ಪ, ಎಲ್ಲ ಚಿತ್ರಗಳೂ ಫೋನಿನಲ್ಲೇ ಸಿಗುವಾಗ ಪುಸ್ತಕ ಯಾಕಮ್ಮಾ ಅಂತ ಹಾಕಿದ್ದಾರೆ. ಇಬ್ಬರಿಗೂ ಒಂದೇ ಸಲ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಕೇಳಿ.

ಚಿಕ್ಕಪ್ಪ, ಚಿತ್ರದ ವಿಷಯದಲ್ಲಿ ನೀವು ಹೇಳಿದ್ದು ನಿಜ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನ ಲಕ್ಷಗಟ್ಟಲೆ ಚಿತ್ರಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಅಂತ ಇಂಟರ್ನೆಟ್‌ನಲ್ಲಿ ಬಿಟ್ಟುಕೊಟ್ಟಿತು. ಆದರೆ ಚಿತ್ರ ನೋಡುವುದು ಬೇರೆ, ಆ ವಸ್ತು ಅಲ್ಲಿಗೆ ಹೇಗೆ ಬಂತು ಅಂತ ತಿಳಿಯುವುದು ಬೇರೆ. ಯಾರು ಮಾಡಿದರು, ಯಾರ ಮನೆಯಲ್ಲಿತ್ತು, ದುಡ್ಡು ಕೊಟ್ಟು ಕೊಂಡರೋ, ದಾನವಾಗಿ ಬಂತೋ, ಕಿತ್ತುಕೊಂಡು ತಂದರೋ. ಗಾಜಿನ ಪೆಟ್ಟಿಗೆಯ ಪಕ್ಕದ ಪುಟ್ಟ ಫಲಕದಲ್ಲಿ ಇದಕ್ಕೆಲ್ಲ ಜಾಗ ಇರುವುದಿಲ್ಲ. ಪುಸ್ತಕ ಬೇಕಾಗುವುದು ಅಲ್ಲೇ. ಒಳ್ಳೆಯ ಮ್ಯೂಸಿಯಂ ಪುಸ್ತಕ ಅಂದರೆ ಒಂದು ವಸ್ತುವಿನ ಮುಂದೆ ನಿಂತು 'ನೀನು ಇಲ್ಲಿಗೆ ಹೇಗೆ ಬಂದೆ' ಅಂತ ಕೇಳುವ ಪುಸ್ತಕ. ನೂರಾರು ಫೋಟೋ ತುಂಬಿಸಿ, ಕೆಳಗೆ ಹೆಸರು ಇಸವಿ ಬರೆದು ಕೈ ತೊಳೆದುಕೊಂಡ ದಪ್ಪ ಪುಸ್ತಕಗಳು ನೋಡುವುದಕ್ಕೆ ಚೆನ್ನ, ಆದರೆ ಎರಡನೇ ಸಲ ತೆರೆಯಬೇಕು ಅನ್ನಿಸುವುದಿಲ್ಲ.

ಈಗ ಪೂರ್ತಿ ಅಳಿದುಹೋಗಿರುವ ಡೋಡೋ ಹಕ್ಕಿಯನ್ನೇ ತೆಗೆದುಕೊಳ್ಳಿ. 1656ರಲ್ಲಿ ಲಂಡನ್ನಿನಲ್ಲಿ 'ಮ್ಯೂಸಿಯಂ ಟ್ರಡೆಸ್ಕ್ಯಾಂಟಿಯಾನಂ' ಅಂತ ಒಂದು ಪುಸ್ತಕ ಅಚ್ಚಾಯಿತು. ಟ್ರಡೆಸ್ಕ್ಯಾಂಟ್ ಅಪ್ಪ ಮಗ ಇಬ್ಬರೂ ತೋಟಗಾರರು, ಶ್ರೀಮಂತರ ತೋಟಗಳಿಗೆ ಹೊಸ ಹೊಸ ಗಿಡ ತರಲು ದೇಶ ದೇಶ ಸುತ್ತಿದವರು. ಗಿಡದ ಜೊತೆಗೆ ಚಿಪ್ಪು, ಹಕ್ಕಿ, ಆಯುಧ, ಬಟ್ಟೆ, ವಿಚಿತ್ರ ಅನ್ನಿಸಿದ್ದನ್ನೆಲ್ಲ ಸೇರಿಸಿ ಮನೆಯಲ್ಲಿ ಇಟ್ಟುಕೊಂಡು ಬಂದವರಿಗೆ ತೋರಿಸುತ್ತಿದ್ದರು. ಆ ಮನೆಯಲ್ಲಿದ್ದ ವಸ್ತುಗಳ ಪಟ್ಟಿಯೇ ಈ ಪುಸ್ತಕ. ಡೋಡೋಗೆ ಅದರಲ್ಲಿ ಸಿಕ್ಕಿರುವುದು ಒಂದೇ ಒಂದು ಸಾಲು: ಮಾರಿಷಸ್ ದ್ವೀಪದ್ದು, ಮೈ ದೊಡ್ಡದು, ಹಾರಲಾರದು. ಆಮೇಲೆ ಆ ಸಂಗ್ರಹ ಎಲಿಯಾಸ್ ಆಶ್ಮೋಲ್ ಅನ್ನುವವರ ಕೈ ಸೇರಿತು, 1683ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆಶ್ಮೋಲಿಯನ್ ಮ್ಯೂಸಿಯಂ ಅಂತ ಬಾಗಿಲು ತೆರೆಯಿತು. ಇಡೀ ಹಕ್ಕಿ ಮಾತ್ರ ಉಳಿಯಲಿಲ್ಲ. ಈಗ ಆಕ್ಸ್‌ಫರ್ಡ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿರುವುದು ಅದರ ತಲೆ ಮತ್ತು ಒಂದು ಪಾದ. ಲಂಡನ್ನಿನಲ್ಲಿ ಜೀವಂತ ಡೋಡೋ ಒಂದನ್ನು ದುಡ್ಡು ತೆಗೆದುಕೊಂಡು ತೋರಿಸುತ್ತಿದ್ದರಂತೆ, ಇದು ಅದೇ ಇರಬೇಕು, ಸತ್ತ ಮೇಲೆ ಇಲ್ಲಿಗೆ ಬಂದಿರಬೇಕು ಅಂತ ಬಹಳ ಕಾಲ ಎಲ್ಲರೂ ಅಂದುಕೊಂಡಿದ್ದರು. 2018ರಲ್ಲಿ ಆ ತಲೆಯನ್ನು ಸ್ಕ್ಯಾನ್ ಮಾಡಿ ನೋಡಿದರೆ ಹಿಂಭಾಗದಲ್ಲಿ ಸೀಸದ ಚಿಕ್ಕ ಗುಂಡುಗಳು! ಯಾರೋ ಹಿಂದಿನಿಂದ ಬಂದು ಹೊಡೆದಿದ್ದರು. ಅಷ್ಟು ವರ್ಷ ಕಣ್ಣೆದುರಿಗೇ ಇದ್ದ ತಲೆ ಅದು. ಫೋನಿನಲ್ಲಿ ಅದರ ಫೋಟೋ ಎಷ್ಟು ದೊಡ್ಡದು ಮಾಡಿ ನೋಡಿದರೂ ಈ ಕಥೆ ಸಿಗುವುದಿಲ್ಲ, ಅಲ್ವಾ ಚಿಕ್ಕಪ್ಪ? ಆದ್ದರಿಂದ ಅಕ್ಕಾ, ಪ್ರಾಣಿ ಪಕ್ಷಿ, ಡೈನೋಸಾರ್ ಬಗ್ಗೆ ಪುಸ್ತಕ ಕೊಳ್ಳುವಾಗ ಅದು ಅಚ್ಚಾದ ವರ್ಷ ನೋಡು. ಹಳೆಯದರಲ್ಲಿ ಚಿತ್ರ ಚೆನ್ನಾಗಿರಬಹುದು, ಕಥೆ ಬದಲಾಗಿರುತ್ತದೆ.

ಇನ್ನು ಮಗಳ ಪುಸ್ತಕ. ನನ್ನ ಮೊದಲ ಆಯ್ಕೆ ಇ. ಎಲ್. ಕೋನಿಗ್ಸ್‌ಬರ್ಗ್ ಬರೆದ 'ಫ್ರಮ್ ದ ಮಿಕ್ಸ್‌ಡ್ ಅಪ್ ಫೈಲ್ಸ್ ಆಫ್ ಮಿಸೆಸ್ ಬೇಸಿಲ್ ಇ. ಫ್ರಾಂಕ್‌ವೈಲರ್'. ಹೆಸರು ಉದ್ದ, ಪುಸ್ತಕ ಚಿಕ್ಕದು. 1967ರದ್ದು, ಮರುವರ್ಷವೇ ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಬಂತು. ಕ್ಲಾಡಿಯಾ, ಜೇಮಿ ಅಂತ ಅಕ್ಕ ತಮ್ಮ ಮನೆ ಬಿಟ್ಟು ಓಡಿಹೋಗಿ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲೇ ಬಚ್ಚಿಟ್ಟುಕೊಳ್ಳುತ್ತಾರೆ. ಬಾಗಿಲು ಹಾಕುವ ಹೊತ್ತಿಗೆ ಟಾಯ್ಲೆಟ್ ಸೀಟಿನ ಮೇಲೆ ತಲೆ ತಗ್ಗಿಸಿ ನಿಂತಿರುತ್ತಾರೆ, ಕಾವಲುಗಾರರಿಗೆ ಕಾಣದ ಹಾಗೆ. ರಾತ್ರಿ ನೂರಾರು ವರ್ಷ ಹಳೆಯ ಮಂಚದ ಮೇಲೆ ನಿದ್ದೆ. ಕಾರಂಜಿಯ ನೀರಿನಲ್ಲಿ ಸ್ನಾನ, ಜನ ಅದರಲ್ಲಿ ಹಾಕಿಹೋದ ಚಿಲ್ಲರೆಯೇ ಖರ್ಚಿಗೆ ಕಾಸು. ಬೆಳಿಗ್ಗೆ ಶಾಲಾ ಮಕ್ಕಳ ಗುಂಪು ಬಂದರೆ ಸುಮ್ನೆ ಅವರ ಹಿಂದೆ ಸೇರಿಕೊಂಡು ವಿವರಣೆ ಕೇಳುತ್ತಾರೆ. ಮಕ್ಕಳು ಮುಗಿಬಿದ್ದು ಓದುವುದು ಈ ಸಾಹಸಕ್ಕೆ. ನನಗೆ ಇಷ್ಟ ಆಗುವುದು ಆಮೇಲಿನ ಭಾಗ. ಮ್ಯೂಸಿಯಂ ಹೊಸದಾಗಿ ಕೊಂಡ ದೇವದೂತನ ಒಂದು ಮೂರ್ತಿ ಇರುತ್ತದೆ, ಇಟಲಿಯ ಹೆಸರಾಂತ ಶಿಲ್ಪಿ ಮೈಕೆಲೇಂಜೆಲೋ ಕೆತ್ತಿದ್ದೋ ಅಲ್ಲವೋ ಯಾರಿಗೂ ಗೊತ್ತಿಲ್ಲ. ಕ್ಲಾಡಿಯಾ ಆ ಒಂದು ಮೂರ್ತಿಗೆ ಅಂಟಿಕೊಂಡುಬಿಡುತ್ತಾಳೆ. ಅದರ ಗುಟ್ಟು ತಿಳಿಯುವ ತನಕ ಮನೆಗೆ ಹೋಗುವುದಿಲ್ಲ ಅಂತ ಹಟ. ಅಷ್ಟು ದೊಡ್ಡ ಕಟ್ಟಡ, ಅಷ್ಟೊಂದು ವಸ್ತು, ಹುಡುಗಿಗೆ ಬೇಕಾದದ್ದು ಒಂದೇ. ಮ್ಯೂಸಿಯಂ ನೋಡುವುದು ಹೀಗೇ ಅಂತ ಯಾವ ಉಪದೇಶವೂ ಇಲ್ಲದೆ ಮಗುವಿಗೆ ಅರ್ಥವಾಗುತ್ತದೆ. ಎಂಟು ವರ್ಷದವಳಿಗೆ ಒಬ್ಬಳೇ ಓದಲು ಸ್ವಲ್ಪ ಕಷ್ಟ ಆಗಬಹುದು, ದಿನಕ್ಕೊಂದು ಅಧ್ಯಾಯ ನೀನೇ ಓದಿ ಹೇಳು.

ಓದುವುದಕ್ಕಿಂತ ನೋಡುವುದು ಜಾಸ್ತಿ ಇಷ್ಟವಾದರೆ ಬ್ರಯಾನ್ ಸೆಲ್ಜ್‌ನಿಕ್ ಅವರ 'ವಂಡರ್‌ಸ್ಟ್ರಕ್'. 1977ರ ಒಬ್ಬ ಹುಡುಗನ ಕಥೆ ಅಕ್ಷರದಲ್ಲಿ, 1927ರ ಒಬ್ಬ ಕಿವುಡ ಹುಡುಗಿಯ ಕಥೆ ಪೂರ್ತಿ ಚಿತ್ರದಲ್ಲಿ. ಎರಡೂ ಕಥೆ ನ್ಯೂಯಾರ್ಕಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಬಂದು ಸೇರುತ್ತವೆ. ದಪ್ಪ ನೋಡಿ ಹೆದರಬೇಡ, ಪುಟಗಳು ಓಡುತ್ತವೆ.

ಒಂದು ಮಾತು, ಮಕ್ಕಳ ಚಿತ್ರದ ಪುಸ್ತಕ ಯಾವುದೇ ಇರಲಿ, ವಸ್ತುವಿನ ಅಳತೆ ಕೊಟ್ಟಿದೆಯಾ ನೋಡು. ಪುಸ್ತಕದಲ್ಲಿ ಉಂಗುರವೂ ಒಂದು ಪುಟ, ಅರಮನೆಯ ಬಾಗಿಲೂ ಒಂದು ಪುಟ. ಮೋನಾಲಿಸಾ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ ಅಷ್ಟೇ. ಟೇಪ್ ಹಿಡಿದು ಗೋಡೆಯ ಮೇಲೆ ಅಷ್ಟು ಗುರುತು ಮಾಡಲು ಮಗಳಿಗೆ ಹೇಳು. 'ಇಷ್ಟೇನಾ?' ಅಂತ ಕೇಳುತ್ತಾಳೆ, ನೋಡುತ್ತಿರು.

ಈಗ ನಿನ್ನ ಪುಸ್ತಕ. ಮೊದಲು ನೀಲ್ ಮೆಕ್‌ಗ್ರೆಗರ್ ಅವರ 'ಎ ಹಿಸ್ಟರಿ ಆಫ್ ದ ವರ್ಲ್ಡ್ ಇನ್ 100 ಆಬ್ಜೆಕ್ಟ್ಸ್'. ಅವರು ಬ್ರಿಟಿಷ್ ಮ್ಯೂಸಿಯಂನ ನಿರ್ದೇಶಕರಾಗಿದ್ದಾಗ 2010ರಲ್ಲಿ ಬಿಬಿಸಿ ರೇಡಿಯೊಗೆ ಮಾಡಿದ ಸರಣಿಯಿಂದ ಬಂದ ಪುಸ್ತಕ. ರೇಡಿಯೊ ಕೇಳುವವರಿಗೆ ವಸ್ತು ಕಾಣುವುದಿಲ್ಲವಲ್ಲ, ಮಾತಿನಲ್ಲೇ ಕಣ್ಣಿಗೆ ಕಟ್ಟಿಸಬೇಕು. ಬರವಣಿಗೆ ಅಷ್ಟು ಚೆನ್ನಾಗಿರುವುದಕ್ಕೆ ಅದೇ ಕಾರಣ ಅಂತ ನನಗನ್ನಿಸುತ್ತದೆ. ಆರಂಭ ಈಜಿಪ್ಟಿನ ಒಂದು ಮಮ್ಮಿಯಿಂದ, ನೂರನೆಯದು ಸೋಲಾರ್ ದೀಪ. ಅಧ್ಯಾಯಗಳು ಚಿಕ್ಕವು, ಎಲ್ಲಿಂದ ಬೇಕಾದರೂ ಓದು.

ಆದರೆ ಅದೊಂದನ್ನೇ ಓದಿ ನಿಲ್ಲಿಸಬೇಡ. 1897ರಲ್ಲಿ ಬ್ರಿಟಿಷ್ ಸೈನ್ಯ ಈಗಿನ ನೈಜೀರಿಯಾದಲ್ಲಿರುವ ಬೆನಿನ್ ನಗರಕ್ಕೆ ನುಗ್ಗಿ ಅರಮನೆ ಲೂಟಿ ಮಾಡಿತು. ಅಲ್ಲಿನ ಸಾವಿರಾರು ಹಿತ್ತಾಳೆ, ದಂತದ ಕೆಲಸಗಳು ಯುರೋಪ್, ಅಮೆರಿಕದ ಮ್ಯೂಸಿಯಂಗಳಿಗೆ ಹಂಚಿಹೋದವು. ಡ್ಯಾನ್ ಹಿಕ್ಸ್ 2020ರಲ್ಲಿ ಇದರ ಬಗ್ಗೆ 'ದ ಬ್ರೂಟಿಶ್ ಮ್ಯೂಸಿಯಮ್ಸ್' ಬರೆದರು. ಆಕ್ಸ್‌ಫರ್ಡ್‌ನ ಪಿಟ್ ರಿವರ್ಸ್ ಮ್ಯೂಸಿಯಂನಲ್ಲಿ ಕ್ಯುರೇಟರ್, ಅಂದರೆ ಸಂಗ್ರಹ ನೋಡಿಕೊಳ್ಳುವವರು ಅವರು, ತಾವು ಕೆಲಸ ಮಾಡುವ ಜಾಗದಲ್ಲೂ ಆ ಲೂಟಿಯ ಮಾಲು ಇದೆ ಅಂತ ನೇರವಾಗಿ ಬರೆದಿದ್ದಾರೆ. ಅವರು ಹೇಳುವುದನ್ನೆಲ್ಲ ಒಪ್ಪಬೇಕು ಅಂತಿಲ್ಲ. ಆದರೆ ಈ ಮಾತು ಪುಸ್ತಕದಲ್ಲೇ ಉಳಿಯಲಿಲ್ಲ, 2022ರಲ್ಲಿ ಜರ್ಮನಿ ತನ್ನ ಹತ್ತಿರ ಇದ್ದ ಬೆನಿನ್ ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಡಲು ಒಪ್ಪಂದ ಮಾಡಿಕೊಂಡಿತು. ಮೆಕ್‌ಗ್ರೆಗರ್ ಆದ ಮೇಲೆ ಹಿಕ್ಸ್ ಓದಿದರೆ ಅದೇ ಗಾಜಿನ ಪೆಟ್ಟಿಗೆ ಎರಡು ರೀತಿ ಕಾಣುತ್ತದೆ.

ಮ್ಯೂಸಿಯಂನ ಒಳಮನೆ ನೋಡಬೇಕಾದರೆ ರಿಚರ್ಡ್ ಫೋರ್ಟಿ ಅವರ 'ಡ್ರೈ ಸ್ಟೋರ್‌ರೂಮ್ ನಂ. 1' ಇದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ದಶಕಗಟ್ಟಲೆ ಪಳೆಯುಳಿಕೆಗಳ ಮೇಲೆ ಕೆಲಸ ಮಾಡಿದವರು ಅವರು. ನಾವು ನೋಡುವುದು ಎಷ್ಟು ಕಡಿಮೆ ಗೊತ್ತಾ? ಬ್ರಿಟಿಷ್ ಮ್ಯೂಸಿಯಂನದೇ ಲೆಕ್ಕ ಹೇಳುವುದಾದರೆ ಸುಮಾರು 80 ಲಕ್ಷ ವಸ್ತುಗಳಲ್ಲಿ ಪ್ರದರ್ಶನಕ್ಕೆ ಇಟ್ಟಿರುವುದು ಸುಮಾರು 80 ಸಾವಿರ, ನೂರಕ್ಕೆ ಒಂದು. ಮಿಕ್ಕದ್ದೆಲ್ಲ ಕಪಾಟು, ಡ್ರಾಯರ್‌ಗಳಲ್ಲಿ.

ಕಾದಂಬರಿಯೇ ಬೇಕು ಅಂದರೆ ಒರ್ಹಾನ್ ಪಾಮುಕ್ ಅವರ 'ದ ಮ್ಯೂಸಿಯಂ ಆಫ್ ಇನೋಸೆನ್ಸ್'. ಇದು ದೊಡ್ಡವರಿಗೆ ಮಾತ್ರ, ಮಗಳ ಕಪಾಟಿನಲ್ಲಿ ಇಡಬೇಡ. ಪ್ರೀತಿಸಿದವಳು ಮುಟ್ಟಿದ್ದನ್ನೆಲ್ಲ ಕೂಡಿಡುವ ಒಬ್ಬನ ಕಥೆ, 2008ರಲ್ಲಿ ಬಂತು. 2012ರಲ್ಲಿ ಪಾಮುಕ್ ಇಸ್ತಾಂಬುಲ್‌ನಲ್ಲಿ ನಿಜವಾಗಿಯೂ ಆ ಮ್ಯೂಸಿಯಂ ತೆರೆದರು. ಅವಳು ಸೇದಿ ಬಿಟ್ಟವು ಅಂತ ಕಥೆಯಲ್ಲಿ ಬರುವ 4,213 ಸಿಗರೇಟ್ ತುಂಡುಗಳು ಅಲ್ಲಿ ಗೋಡೆ ತುಂಬ ಸಾಲಾಗಿವೆ. ಕಾದಂಬರಿಯ ಕೊನೆಯ ಹತ್ತಿರ ಒಂದು ಟಿಕೆಟ್ ಅಚ್ಚು ಹಾಕಿದ್ದಾರೆ, ಪುಸ್ತಕ ತೆಗೆದುಕೊಂಡು ಹೋದರೆ ಅದಕ್ಕೇ ಮುದ್ರೆ ಒತ್ತಿ ಒಳಗೆ ಬಿಡುತ್ತಾರೆ.

ಎಲ್ಲ ಒಟ್ಟಿಗೆ ಕೊಳ್ಳಬೇಡ ಅಕ್ಕಾ, ಮೊದಲು ಲೈಬ್ರರಿಯಲ್ಲಿ ವಿಚಾರಿಸು. ಮಗಳಿಗೆ ಕೋನಿಗ್ಸ್‌ಬರ್ಗ್, ನಿನಗೆ ಮೆಕ್‌ಗ್ರೆಗರ್, ಈ ರಜೆಗೆ ಸಾಕು. 'ವಂಡರ್‌ಸ್ಟ್ರಕ್' ನನ್ನ ಹತ್ತಿರ ಇದೆ, ಅವಳು ಮೊದಲನೆಯದು ಮುಗಿಸಿದಳು ಅಂತ ಹೇಳು, ಕೊಟ್ಟು ಕಳಿಸುತ್ತೇನೆ. ಚಿಕ್ಕಪ್ಪ, ನಿಮಗೆ ಫೋರ್ಟಿ.