ಮನೆಯ ಕುಲುಮೆಗೆ ಎಂಥ ಅಡಿಗಲ್ಲು? ಬಳಸಿದವರ ಅನುಭವ

ಹಾಸನದಿಂದ ಪ್ರಶ್ನೆ: ಹಿತ್ತಿಲಲ್ಲಿ ಸಣ್ಣ ಕುಲುಮೆ ಹಾಕಿದ್ದೇನೆ. ಕತ್ತಿ, ಕುಡುಗೋಲು, ಬಾಗಿಲ ಚಿಲಕ, ಇಂಥ ಕೆಲಸ. ಸುತ್ತಿಗೆ ಒಂದು ಕೆ.ಜಿ.ಯದು. ಅಡಿಗಲ್ಲು, ಅಂದರೆ ಕಾದ ಕಬ್ಬಿಣ ಇಟ್ಟು ಬಡಿಯುವ ಗಟ್ಟಿ, ಹೊಸದು ಕೊಳ್ಳಲೋ, ಗುಜರಿಯಲ್ಲಿ ಹುಡುಕಲೋ? ಹೇಗೆ ಕೂರಿಸಲಿ?

ಶಿರಸಿಯಿಂದ: ದುಡ್ಡು ಕೊಡುವ ಮೊದಲು ನನಗಾದದ್ದು ಕೇಳಿ. ಐದು ವರ್ಷದ ಹಿಂದೆ ಚಿತ್ರ ನೋಡಿ 25 ಕೆ.ಜಿ.ಯದೊಂದು ತರಿಸಿದೆ. ನೀಲಿ ಬಣ್ಣ, ಒಂದು ಬದಿಗೆ ಚಾಚಿದ ಚೂಪು ಕೊಂಬು, ಲಕ್ಷಣವಾಗಿತ್ತು. ಮೂರನೇ ವಾರಕ್ಕೆ ಮೈತುಂಬ ಗುಳಿ. ಒಂದು ದಿನ ಅಂಚಿನಿಂದ ಹೆಬ್ಬೆರಳಷ್ಟು ಚೂರು ಸಿಡಿದು ಗೋಡೆಗೆ ಬಡಿಯಿತು. ಕಣ್ಣಿಗೆ ಕನ್ನಡಕ ಹಾಕದೆ ಸುತ್ತಿಗೆ ಎತ್ತಲೇಬೇಡಿ. ಆಮೇಲೆ ಅದರ ಬುಡಕ್ಕೆ ಡ್ರಿಲ್ ಹಾಕಿದೆ. ಉಕ್ಕಾಗಿದ್ದರೆ ಸುರುಳಿ ಸುರುಳಿಯಾಗಿ ಬರಬೇಕು. ಬಂದದ್ದು ಕಾಡಿಗೆಯಂಥ ಪುಡಿ, ಬೆರಳಿಗೆಲ್ಲ ಮೆತ್ತಿಕೊಂಡಿತು. ಬರೀ ಬೀಡು ಕಬ್ಬಿಣ.

ಅಂಗಡಿಯವರು ಡ್ರಿಲ್ ಹಾಕಲು ಬಿಡುವುದಿಲ್ಲ. ಬೇರಿಂಗಿನ ಗುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಹತ್ತು ಇಂಚು ಮೇಲಿನಿಂದ ಬಿಟ್ಟಾಗ ಏಳೆಂಟು ಇಂಚು ಪುಟಿದರೆ ಒಳ್ಳೆಯ ಹದದ, ಅಂದರೆ ಕಾಯಿಸಿ ತಣಿಸಿ ಗಡುಸು ಮಾಡಿದ ಉಕ್ಕು. ಮೂರಕ್ಕೇ ನಿಂತರೆ ಬಿಟ್ಟು ಬನ್ನಿ. ನಡುವೆ, ತುದಿಗೆ, ಅಂಚಿನ ಹತ್ತಿರ, ಎಲ್ಲ ಕಡೆ ಬಿಟ್ಟು ನೋಡಬೇಕು. ಒಂದೇ ಜಾಗದಲ್ಲಿ ಗುಂಡು ಪುಟಿಯದೆ ಸತ್ತಂತೆ ಬಿದ್ದರೆ ಅಲ್ಲಿ ಒಳಗೆ ಬಿರುಕಿರಬಹುದು.

ತೂಕ ಸುತ್ತಿಗೆಯ ನಲವತ್ತು, ಐವತ್ತು ಪಟ್ಟು ಇರಲಿ. ಹಗುರಾದರೆ ನಿಮ್ಮ ಏಟು ಕಬ್ಬಿಣವನ್ನು ತಟ್ಟುವ ಬದಲು ಅಡಿಗಲ್ಲನ್ನೇ ಕುಣಿಸುತ್ತದೆ.

ಬೆಂಗಳೂರಿನಿಂದ: ಕೊಂಬು ಬೇಕೇ ಬೇಕು ಅಂತೇನಿಲ್ಲ. ಹಳ್ಳಿಯ ಕುಲುಮೆಗಳಲ್ಲಿ ಗುಳ, ಕೊಡಲಿ ಎಲ್ಲ ಆದದ್ದು ಚೌಕ ಗಟ್ಟಿಯ ಮೇಲೆಯೇ. ನಾನು ಪೀಣ್ಯದಲ್ಲಿ ಇಎನ್8 ಎಂಬ ಮಧ್ಯಮ ಇಂಗಾಲದ ಉಕ್ಕಿನ ತುಂಡು ಕೊಯ್ಯಿಸಿದೆ: 15 ಸೆಂ.ಮೀ. ಚೌಕ, 30 ಸೆಂ.ಮೀ. ಉದ್ದ, ಸುಮಾರು 53 ಕೆ.ಜಿ. ಮಲಗಿಸದೆ ನಿಲ್ಲಿಸಿದ್ದೇನೆ. ಬಡಿಯುವ ಜಾಗ ಚಿಕ್ಕದಾಯಿತು, ಆದರೆ ಅಷ್ಟೂ ಭಾರ ಏಟಿನ ನೇರ ಕೆಳಗಿದೆ. ಕೆಲಸದಲ್ಲಿ ಆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಹದ ಮಾಡಿಸಿಲ್ಲ. ಕೆಂಪಗೆ ಕಾದ ಕಬ್ಬಿಣ ಅದಕ್ಕಿಂತ ಮೆತ್ತಗೆ, ತಣ್ಣಗಿದ್ದದ್ದನ್ನು ಬಡಿದಾಗಲೇ ಗುಳಿ ಬೀಳುವುದು. ಮೂರು ಅಂಚನ್ನು ಗ್ರೈಂಡರಿನಲ್ಲಿ ಸ್ವಲ್ಪ ದುಂಡಗೆ ಮಾಡಿಕೊಳ್ಳಿ. ಚೂಪು ಅಂಚಿನ ಮೇಲೆ ಮಡಿಸಿದರೆ ಒಳಮೂಲೆ ಸೀಳುತ್ತದೆ.

ರೈಲು ಹಳಿಯೂ ಆಗುತ್ತದೆ. ಮೀಟರಿಗೆ 60 ಕೆ.ಜಿ. ತೂಗುವ ಹಳಿಯನ್ನು ಅರ್ಧ ಮೀಟರ್ ನಿಲ್ಲಿಸಿದರೆ 30 ಕೆ.ಜಿ. ಆದರೆ ಬಿಲ್ ಇಲ್ಲದೆ ಗುಜರಿಯಿಂದ ತರಬೇಡಿ. ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯಲ್ಲಿ ಅಪರಾಧ.

ಹಾವೇರಿಯಿಂದ: ನಮ್ಮದು ಕಮ್ಮಾರಿಕೆಯ ಮನೆ. ಇಬ್ಬರೂ ಹೇಳಿದ್ದು ಸರಿ, ಆದರೆ ಕೂರಿಸುವುದು ಕೆಟ್ಟರೆ ಎಂಥ ಅಡಿಗಲ್ಲೂ ದಂಡ.

ಒಣಗಿದ ಹುಣಸೆ ಕೊರಡು ತನ್ನಿ, ನಾರು ನೆಟ್ಟಗೆ ಮೇಲ್ಮುಖವಾಗಿರಲಿ. ಸೀಳದಂತೆ ತಲೆಗೆ ಕಬ್ಬಿಣದ ಪಟ್ಟಿ ಹಾಕಿ. ಗಾಡಿ ಚಕ್ರಕ್ಕೆ ಏರಿಸುವ ಹಾಗೆ ಕಾಯಿಸಿ ಏರಿಸಿದರೆ ಆರಿದ ಮೇಲೆ ಕಚ್ಚಿಕೊಳ್ಳುತ್ತದೆ. ಎರಡಡಿ ಹೂಳಿ. ನನ್ನಜ್ಜ ಕೂತು ಬಡಿಯುತ್ತಿದ್ದರು, ಅವರದು ನೆಲದಿಂದ ಗೇಣು ಮೇಲಿತ್ತು. ನೀವು ನಿಂತು ಬಡಿಯುವವರಾದರೆ ಕೈ ಇಳಿಬಿಟ್ಟು ಮುಷ್ಟಿ ಹಿಡಿಯಿರಿ, ಗೆಣ್ಣು ತಾಗುವ ಎತ್ತರ ಸರಿ. ಸದ್ದು ಕಿವಿ ಕೊರೆಯುವಷ್ಟಿದ್ದರೆ ಅಡಿಗಲ್ಲಿನ ಸೊಂಟಕ್ಕೆ ದಪ್ಪ ಸರಪಳಿ ಬಿಗಿದು ಸುತ್ತಿ, ಅರ್ಧಕ್ಕರ್ಧ ಇಳಿಯುತ್ತದೆ.

ಮಣ್ಣು ದಮ್ಮಸು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಮೆತ್ತನೆಯ ಹಲಗೆ ಇಟ್ಟು ಎಂದಿನಂತೆ ನಾಲ್ಕೇಟು ಹಾಕಿ, ಗುರುತು ನೋಡಿ. ನಿಮ್ಮಿಂದಾಚೆಯ ಬದಿಗೆ ಅರ್ಧಚಂದ್ರ ಬಿದ್ದರೆ ಅಡಿಗಲ್ಲು ತಗ್ಗಾಗಿದೆ, ಈಚೆಗೆ ಬಿದ್ದರೆ ಎತ್ತರವಾಗಿದೆ. ಕೊರಡಿನಡಿ ಜಲ್ಲಿ ಹಾಕಿಯೋ ತೆಗೆದೋ ಹೊಂದಿಸಿ. ದುಂಡನೆಯ ಪೂರ್ತಿ ಮುದ್ರೆ ಬಿದ್ದ ಮೇಲೆ ಮಣ್ಣು ತುಂಬಿ.