‘ಮೈ’ ಎಲ್ಲಿ, ‘ಮೈನ್’ ಎಲ್ಲಿ?

ಪ್ರಶ್ನೆ:
ಇಂಗ್ಲಿಷಿನ ‘ಮೈ, ಮೈನ್’, ‘ಯುವರ್, ಯುವರ್ಸ್’ ನನಗೆ ಯಾವಾಗಲೂ ಕೈಕೊಡುತ್ತವೆ. ಓದುವಾಗ ಗೊತ್ತಾಗುತ್ತದೆ, ಮಾತಾಡುವಾಗ ತಡಬಡಾಯಿಸುತ್ತೇನೆ. ನಿನ್ನೆ ಮೇಜಿನ ಮೇಲಿದ್ದ ಪೆನ್ನು ತೋರಿಸಿ ‘ದಿಸ್ ಈಸ್ ಮೈ’ ಅಂದುಬಿಟ್ಟೆ, ಎದುರಿಗಿದ್ದವರು ಮುಂದಿನ ಪದಕ್ಕೆ ಕಾಯುತ್ತಾ ನಿಂತರು! ಪಟ್ಟಿ ಬೇಡ, ಅದು ಬಾಯಿಪಾಠ ಆಗಿದೆ. ನೆನಪಲ್ಲಿ ಉಳಿಯುವ ದಾರಿ ಇದ್ದರೆ ಹೇಳಿ.

ಉತ್ತರ 1:
ದಾರಿ ಕನ್ನಡದಲ್ಲೇ ಇದೆ ಅಲ್ವಾ? ‘ನನ್ನ’ ಅಂದರೆ ಮುಂದೆ ಇನ್ನೊಂದು ಪದ ಬೇಕು: ನನ್ನ ಪೆನ್ನು, ಮೈ ಪೆನ್. ‘ನನ್ನದು’ ಅಂದರೆ ಮಾತು ಅಲ್ಲಿಗೇ ಮುಗಿಯಿತು, ಅದು ಮೈನ್. ಅವಳ, ಅವಳದು ಕೂಡ ಹೀಗೇ: ಹರ್, ಹರ್ಸ್. ‘ಹಿಸ್’ ಮಾತ್ರ ಎರಡು ಕಡೆಗೂ ಒಂದೇ. ‘ನನ್ನವು’ ಅನ್ನುವುದಕ್ಕೂ ಮೈನ್ ಸಾಕು.

ಉತ್ತರ 2:
ಬರೆಯುವಾಗ ಯುವರ್ಸ್, ಹರ್ಸ್, ಅವರ್ಸ್, ದೇರ್ಸ್ ಇವಕ್ಕೆ ಸುಮ್ನೆ ಅಪಾಸ್ಟ್ರಫಿ (ಅಕ್ಷರದ ಮೇಲ್ತುದಿಗೆ ಹಾಕುವ ’ ಚಿಹ್ನೆ) ಸಿಕ್ಕಿಸಬೇಡಿ. ‘ಇಟ್ಸ್’ ಬಂದಾಗ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಅಂತ ಬಿಡಿಸಿ ಓದಿ. ಅರ್ಥ ಕೂತರೆ ಅಪಾಸ್ಟ್ರಫಿ ಇರಲಿ, ಇಲ್ಲದಿದ್ದರೆ ಬೇಡ.

ಉತ್ತರ 3:
ನನಗೆ ಕೇಳಿದರೆ ಮೈ, ಮೈನ್‌ಗಿಂತ ನಾವು ಜಾಸ್ತಿ ಎಡವುವುದು ಬೇರೆ ಕಡೆ. ‘ಕೈ ತೊಳೆದುಕೊಂಡೆ’ ಅಂದರೆ ನಮಗೆ ಸಾಕು, ಯಾರ ಕೈ ಅಂತ ಆ ‘ಕೊಂಡೆ’ಯೇ ಹೇಳುತ್ತದೆ. ಇಂಗ್ಲಿಷಿಗೆ ಅದಿಲ್ಲ, ಅದಕ್ಕೇ ‘ಐ ವಾಶ್ಡ್ ಮೈ ಹ್ಯಾಂಡ್ಸ್’, ಆ ‘ಮೈ’ ಬಿಡುವ ಹಾಗಿಲ್ಲ. ಇನ್ನು ‘ನಮ್ಮಮ್ಮ ಬೈದರು’ ಅನ್ನುವುದನ್ನು ಗೆಳೆಯನ ಹತ್ತಿರ ‘ಅವರ್ ಮದರ್’ ಅಂತ ಹೇಳಿ ನೋಡಿ, ಕೇಳಿದವರು ನಿಮ್ಮಿಬ್ಬರನ್ನೂ ಒಡಹುಟ್ಟಿದವರು ಅಂದುಕೊಳ್ಳುತ್ತಾರೆ. ಅಲ್ಲಿ ‘ಮೈ ಮದರ್’ ಅನ್ನಬೇಕು. ನಮ್ಮ ‘ತನ್ನ’ ಕೂಡ ಅವರಿಗಿಲ್ಲ, ಪಾಪ. ‘ರವಿ ತನ್ನ ಚೀಲ ತಂದ’, ‘ರವಿ ಅವನ ಚೀಲ ತಂದ’, ಎರಡಕ್ಕೂ ‘ಹಿಸ್ ಬ್ಯಾಗ್’. ಯಾರ ಚೀಲ ಅಂತ ಹಿಂದಿನ ಮಾತಿನಿಂದ ಊಹಿಸಬೇಕು.

ಪ್ರಶ್ನೆ ಕೇಳಿದವರು:
ನನ್ನ, ನನ್ನದು ತಲೆಗೆ ಹತ್ತಿತು, ಥ್ಯಾಂಕ್ಸ್. ಹಾಗಾದರೆ ‘ನನ್ನ ಫ್ರೆಂಡ್ ಒಬ್ಬ’ ಅನ್ನುವುದಕ್ಕೆ ‘ಎ ಫ್ರೆಂಡ್ ಆಫ್ ಮೈನ್’ ಅನ್ನುತ್ತಾರಲ್ಲ, ಅಲ್ಲಿ ನಾವು ‘ನನ್ನದು’ ಅನ್ನಲ್ಲವಲ್ಲ?

ಉತ್ತರ 1:
ಹೌದು, ಅಲ್ಲಿ ನನ್ನ ಸೂತ್ರ ಕೆಲಸ ಮಾಡಲ್ಲ. ಆದರೆ ‘ಮೈನ್’ ಮುಂದೆ ಪದ ಇಲ್ಲ ನೋಡಿ, ಅಷ್ಟು ಹಿಡಿದುಕೊಳ್ಳಿ. ‘ಆಫ್ ಮಿ’ ಅಂತ ಮಾತ್ರ ಅನ್ನಬೇಡಿ.